ಮಂಡಿ ನೋವಿಗೆ ಅರಿಶಿನ ಡಬ್ಬಿ ಸಾಕೇ, ಕರ್ಕ್ಯುಮಿನ್ ಮಾತ್ರೆ ಬೇಕೇ?

ಪರ: ನೋವಿಗೆ ಬೇಕಾದ ಪ್ರಮಾಣ ಒಗ್ಗರಣೆಯಲ್ಲಿ ಸಿಗುವುದಿಲ್ಲ

ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆ, ಮೆಟ್ರೋ ನಿಲ್ದಾಣದ ಮೆಟ್ಟಿಲು. ಬೆಂಗಳೂರಿನಲ್ಲಿ ಮಂಡಿ ಸವೆದವರಿಗೆ ದಿನವೂ ಇದೇ ಪರೀಕ್ಷೆ. ಅವರಿಗೆ ಮೊದಲು ಸಿಗುವ ಸಲಹೆ ಅರಿಶಿನದ ಹಾಲು. ಸಲಹೆ ತಪ್ಪಲ್ಲ, ಆದರೆ ಲೆಕ್ಕ ಸಾಲದು.

ಒಂದು ಟೀ ಚಮಚ ಅರಿಶಿನ ಪುಡಿ ಸುಮಾರು 3 ಗ್ರಾಂ ತೂಗುತ್ತದೆ. ಅದಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತು ನೂರಕ್ಕೆ ಮೂರರಷ್ಟು ಎಂದಿಟ್ಟುಕೊಂಡರೆ, ಹಾಲಿಗೆ ಹಾಕುವ ಕಾಲು ಚಮಚದಲ್ಲಿ ಸಿಗುವುದು 25 ಮಿಲಿಗ್ರಾಂನೊಳಗೆ. ಒಂದು ಮಾತ್ರೆಯಷ್ಟು, ಅಂದರೆ 500 ಮಿಲಿಗ್ರಾಂ ಬೇಕೆಂದರೆ ಐದೂವರೆ ಚಮಚ ಪುಡಿ ತಿನ್ನಬೇಕು. ಯಾರ ಹೊಟ್ಟೆಯೂ ಅದನ್ನು ಒಪ್ಪದು. ಮೇಲಾಗಿ ಬೇಯಿಸುವಾಗಲೂ ನಷ್ಟವಿದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಿಸಿಗೆ ಕರ್ಕ್ಯುಮಿನ್ ನೂರಕ್ಕೆ 27ರಿಂದ 53ರಷ್ಟು ಹಾಳಾಗುತ್ತದೆ. ಕುಕ್ಕರ್‌ನಲ್ಲಿ ಹತ್ತು ನಿಮಿಷ ಬೇಯಿಸಿದಾಗ ಆಗುವ ನಷ್ಟವೇ ಹೆಚ್ಚು. ಬೇಳೆಯ ಜೊತೆಗೇ ಅರಿಶಿನ ಹಾಕಿ ನಾಲ್ಕು ಸೀಟಿ ಕೂಗಿಸುವ ನಮ್ಮ ರೂಢಿಗೆ ಇದು ನೇರವಾಗಿ ತಾಗುತ್ತದೆ.

ಸಾರ ತೆಗೆದ ಮಾತ್ರೆಯ ಬಲ ಎಷ್ಟು? ಥಾಯ್ಲೆಂಡ್‌ನಲ್ಲಿ ಮಂಡಿ ಸವೆತದ 367 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಅರಿಶಿನದ ಸಾರ, ಇನ್ನೊಂದಕ್ಕೆ 1,200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಕೊಟ್ಟರು. ನಾಲ್ಕು ವಾರದ ಕೊನೆಗೆ ನೋವು ಇಳಿಸುವುದರಲ್ಲಿ ಅರಿಶಿನ ಹಿಂದೆ ಬೀಳಲಿಲ್ಲ, ಹೊಟ್ಟೆಯ ತೊಂದರೆ ಮಾತ್ರ ಕಡಿಮೆ ಇತ್ತು. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿ ಜಠರದಲ್ಲಿ ಹುಣ್ಣು ಮಾಡಿಕೊಂಡವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ ಎಂಬ ಆಕ್ಷೇಪ ನಿಜ. ಅದಕ್ಕೆ ಒಂದು ದಾರಿ ತೋರಿಸಿದ್ದು ನಮ್ಮೂರಿನ ಸಂತ ಜಾನರ ವೈದ್ಯಕೀಯ ಕಾಲೇಜು. ಅಲ್ಲಿನ 1998ರ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ರಕ್ತ ಸೇರುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತು.

ಕೊಳ್ಳುವಾಗ ಲೇಬಲ್ ಓದಿ. ‘ಅರಿಶಿನ ಪುಡಿ 500 ಮಿ.ಗ್ರಾಂ.’ ಎಂದಷ್ಟೇ ಇದ್ದರೆ ಅದು ಅಡುಗೆಮನೆಯ ಪುಡಿಯನ್ನೇ ಕ್ಯಾಪ್ಸೂಲಿಗೆ ತುಂಬಿದ್ದು, ದುಡ್ಡು ದಂಡ. ‘ಸಾರ, ಕರ್ಕ್ಯುಮಿನಾಯ್ಡ್ 95%’ ಎಂದಿರಬೇಕು; ಕರ್ಕ್ಯುಮಿನ್ ಮತ್ತು ಅದರ ಜಾತಿಯ ವಸ್ತುಗಳಿಗೆ ಒಟ್ಟಾಗಿ ಇರುವ ಹೆಸರು ಅದು. ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ತುಪ್ಪವೋ ಎಣ್ಣೆಯೋ ಇರುವ ಊಟದ ನಂತರ ತೆಗೆದುಕೊಳ್ಳಿ. ಖಾಲಿ ಹೊಟ್ಟೆಗೆ ಬೇಡ, ಎದೆ ಉರಿ ಬರುತ್ತದೆ. ದಿನಕ್ಕೊಂದರಿಂದ ಶುರುಮಾಡಿ, ಎಷ್ಟು ಮೆಟ್ಟಿಲು ಹತ್ತಿದಾಗ ನೋವು ಶುರುವಾಗುತ್ತದೆ ಎಂದು ಬರೆದಿಡಿ. ಆರು ವಾರದಲ್ಲಿ ಆ ಸಂಖ್ಯೆ ಬದಲಾಗದಿದ್ದರೆ ನಿಲ್ಲಿಸಿ. ಪಿತ್ತಕೋಶದ ಕಲ್ಲು ಇರುವವರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಗರ್ಭಿಣಿಯರು ಇದರ ಗೊಡವೆಗೆ ಹೋಗಬಾರದು.

ವಿರೋಧ: ಡಬ್ಬಿಯ ಅರಿಶಿನಕ್ಕೂ ಮಾತ್ರೆಗೂ ನೆಂಟಸ್ತಿಕೆ ಕಡಿಮೆ

ಆರತಿ ತಟ್ಟೆಗೆ ಓಕುಳಿ ಕಲಸುವವರಿಗೆ ಕರ್ಕ್ಯುಮಿನ್ ಸ್ವಭಾವ ಗೊತ್ತು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು, ಕೆಂಪಾಗುತ್ತದೆ. ಬಿಳಿ ಪಂಚೆಯ ಮೇಲಿನ ಸಾರಿನ ಕಲೆ ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಕ್ಷಾರಕ್ಕೂ ಬೆಳಕಿಗೂ ನಿಲ್ಲದ ಅಣು ಇದು. ನಮ್ಮ ರಕ್ತದಷ್ಟೇ ಸೌಮ್ಯ ಕ್ಷಾರವಿರುವ ದ್ರಾವಣದಲ್ಲಿಟ್ಟರೂ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಅಲ್ಲಿಯವರೆಗಿನ ಸಂಶೋಧನೆಯನ್ನೆಲ್ಲ ತಿರುವಿ ಹಾಕಿ, ಇದು ಅಸ್ಥಿರ, ರಕ್ತಕ್ಕೆ ಸೇರದು, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ತೋರಿಸುವ ಗುಣದ್ದು ಎಂದು ಬರೆಯಿತು.

ಥಾಯ್ಲೆಂಡ್ ಪರೀಕ್ಷೆ ನಡೆದದ್ದು ನಾಲ್ಕೇ ವಾರ, ಹುಸಿ ಮಾತ್ರೆಯ ಗುಂಪೂ ಅದರಲ್ಲಿರಲಿಲ್ಲ. ಇಪ್ಪತ್ತು ಪಟ್ಟು ಎಂಬ ಮಾತೂ ಹಾಗೆಯೇ: ಪೈಪರಿನ್ ಇಲ್ಲದಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಅದರ ಇಪ್ಪತ್ತು ಪಟ್ಟು ಎಂದರೂ ಎಷ್ಟಾದೀತು?

ಪೈಪರಿನ್ ಕೆಲಸ ಮಾಡುವ ಬಗೆಯೇ ನನಗೆ ಹೆಚ್ಚು ಆತಂಕ ತರುವುದು. ಹೊರಗಿನ ವಸ್ತುಗಳನ್ನು ಒಡೆದು ಹೊರಹಾಕುವ ಯಕೃತ್ತಿನ ಕೆಲಸವನ್ನು ಅದು ತಡೆಯುತ್ತದೆ. ತಡೆ ಬೀಳುವುದು ಕರ್ಕ್ಯುಮಿನ್‌ಗೆ ಮಾತ್ರವಲ್ಲ. ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್ ಕೂಡ ರಕ್ತದಲ್ಲಿ ಏರುತ್ತವೆ. ಮಂಡಿ ನೋವಿನ ವಯಸ್ಸಿನವರ ಮಾತ್ರೆ ಡಬ್ಬಿಯಲ್ಲಿ ಇನ್ನೂ ನಾಲ್ಕಾರು ಮಾತ್ರೆ ಇದ್ದೇ ಇರುತ್ತವೆ. ಚೀಟಿಯಿಲ್ಲದೆ ಕೊಳ್ಳುವ ವಸ್ತುವಾದ್ದರಿಂದ ಅದನ್ನು ವೈದ್ಯರ ಮುಂದೆ ಹೇಳಬೇಕೆಂದೇ ಯಾರಿಗೂ ಹೊಳೆಯುವುದಿಲ್ಲ.

ಯಕೃತ್ತಿಗೆ ನೇರ ಪೆಟ್ಟೂ ಬಿದ್ದಿದೆ. ಅಮೆರಿಕದಲ್ಲಿ 2022ರಲ್ಲಿ ವರದಿಯಾದ ಹತ್ತು ಪ್ರಕರಣಗಳಲ್ಲಿ ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಕೆ ಹೊರಡಿಸಿದರು. ಇಂಥ ಪ್ರಕರಣ ಅಪರೂಪವೇ. ಆದರೂ ಮಾತ್ರೆ ನುಂಗುತ್ತಿರುವವರು ಗುರುತು ತಿಳಿದಿರಬೇಕು: ಹಸಿವು ಸತ್ತು ಮೈ ತುರಿಸುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಕಣ್ಣಿನ ಬಿಳಿ ಹಳದಿಯಾಗುವುದು. ಕಂಡ ದಿನವೇ ಮಾತ್ರೆ ಬಿಟ್ಟು ಯಕೃತ್ತಿನ ರಕ್ತ ಪರೀಕ್ಷೆ ಮಾಡಿಸಿ. ಆಹಾರಕ್ಕೆ ಸೇರಿಸುವ ಬಣ್ಣವಾಗಿ ಕರ್ಕ್ಯುಮಿನ್‌ಗೆ ಅಂತರರಾಷ್ಟ್ರೀಯ ತಜ್ಞ ಸಮಿತಿ ಇಟ್ಟಿರುವ ದಿನದ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಅದು 180 ಆಗುತ್ತದೆ. 500ರ ಒಂದೇ ಮಾತ್ರೆ ಅದನ್ನು ದಾಟುತ್ತದೆ.

ಅಜ್ಜಿಯ ಕಾಲದಿಂದ ಬಳಸುತ್ತಿದ್ದೇವಲ್ಲ ಎನ್ನುವವರು 1995ರ ಅಮೆರಿಕದ ಪೇಟೆಂಟನ್ನೂ ನೆನಪಿಸುತ್ತಾರೆ. ಕೇಂದ್ರ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು, ಹೆಮ್ಮೆಯ ವಿಷಯವೇ. ಆದರೆ ಆ ಪೇಟೆಂಟ್ ಇದ್ದದ್ದು ಗಾಯಕ್ಕೆ ಅರಿಶಿನ ಪುಡಿ ಬಳಸುವುದರ ಮೇಲೆ. ರದ್ದಾದದ್ದು ಆ ಬಳಕೆ ಹೊಸದಲ್ಲ ಎಂಬ ಕಾರಣಕ್ಕೆ. ಅಜ್ಜಿ ಹಾಕಿದ್ದು ಚಿಟಿಕೆ, 95%ರ ಸಾರವನ್ನಲ್ಲ.

ಹಾಗಾದರೆ ಡಬ್ಬಿಯನ್ನೇ ಸರಿಯಾಗಿ ತುಂಬೋಣ. ಕೆ.ಆರ್. ಮಾರ್ಕೆಟ್ ಸುತ್ತಲ ಗ್ರಂಧಿಗೆ ಅಂಗಡಿಗಳಲ್ಲಿ ಕೊಂಬು ಸಿಗುತ್ತದೆ. ಚೆನ್ನಾಗಿ ಒಣಗಿದ ಕೊಂಬು ಮುರಿದಾಗ ಲೋಹದಂಥ ಸದ್ದು ಬರುತ್ತದೆ, ಒಳಗೆ ಕಿತ್ತಳೆ ಬಣ್ಣ. ಹೊರಗೆ ತೀರಾ ಹೊಳೆಯುವ ಹಳದಿ ಬೇಡ, ಸೀಸ ಬೆರೆತ ಬಣ್ಣ ಬಳಿದಿರಬಹುದು. ನೀರಿಗೆ ಹಾಕಿದ ಕೂಡಲೇ ಬಣ್ಣ ಬಿಟ್ಟರೆ ವಾಪಸ್ ಕೊಡಿ. ಸೀಸ ಎಷ್ಟಿದೆಯೆಂದು ಹೇಳಲು ಪ್ರಯೋಗಾಲಯವೇ ಬೇಕು.

ಎದುರಿನವರು ಹೇಳಿದ ಮೈಸೂರಿನ ಅಧ್ಯಯನದಲ್ಲೇ ಇನ್ನೊಂದು ಸಾಲಿದೆ: ಹುಣಸೆಹಣ್ಣು ಜೊತೆಗಿದ್ದಾಗ ನಷ್ಟ ನೂರಕ್ಕೆ 12ರಿಂದ 30ರಷ್ಟು ಮಾತ್ರ ಇತ್ತು. ಆದ್ದರಿಂದ ಕುಕ್ಕರ್‌ಗೆ ಬೇಳೆ ಮಾತ್ರ ಹಾಕಿ. ಆಮೇಲೆ ಹುಣಸೆ ರಸ ಕುದಿಯುವಾಗ ನಾಲ್ವರ ಸಾರಿಗೆ ಅರ್ಧ ಚಮಚ ಅರಿಶಿನ, ಆಗಷ್ಟೇ ಕುಟ್ಟಿದ ಎಂಟು ಹತ್ತು ಮೆಣಸಿನ ಕಾಳು ಹಾಕಿ. ಮೇಲೆ ತುಪ್ಪದ ಒಗ್ಗರಣೆ ಬೀಳಲಿ.