ಏರ್ ರೈಫಲ್ ಲೀಗಿಗೆ ಲೈಸೆನ್ಸ್ ಬೇಕಾ?

ವಿಜಯಪುರದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಮಕ್ಕಳನ್ನು ಶೂಟಿಂಗ್ ಲೀಗಿಗೆ ಸೇರಿಸಿದರೆ ಗನ್ ಲೈಸೆನ್ಸ್ ಮಾಡಿಸಬೇಕಂತೆ, ಸ್ಪರ್ಧೆಯಲ್ಲಿ ಹುಡುಗಿಯರಿಗೆ 40 ಗುಂಡು ಮಾತ್ರವಂತೆ. ಎರಡೂ ಸರಿಯಲ್ಲ.

10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ರೈಫಲ್‌ನಲ್ಲಿ ಸಿಡಿಮದ್ದಿರುವುದಿಲ್ಲ. ಒತ್ತಿಟ್ಟ ಗಾಳಿಯೇ 4.5 ಮಿ.ಮೀ. ಸೀಸದ ಪೆಲೆಟ್ಟನ್ನು ತಳ್ಳುತ್ತದೆ. ಅದರ ಶಕ್ತಿ 20 ಜೂಲ್‌ಗಿಂತ ಕಡಿಮೆಯಿದ್ದರೆ, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. (ಸಿಡಿಮದ್ದಿನಿಂದ ಗುಂಡು ಹಾರಿಸುವ .22 ರೈಫಲ್ ಮಾತು ಬೇರೆ, ಅದಕ್ಕೆ ಬೇಕೇ ಬೇಕು.) 40 ಗುಂಡಿನ ಲೆಕ್ಕವೂ ಹಳೇದು. ಅಂತರರಾಷ್ಟ್ರೀಯ ನಿಯಮದಲ್ಲಿ 2018ರಿಂದ ಹುಡುಗ, ಹುಡುಗಿ ಇಬ್ಬರಿಗೂ 60.

ನಿಜಕ್ಕೂ ಕಡ್ಡಾಯವಾದದ್ದನ್ನೇ ಮೆಸೇಜ್ ಬಿಟ್ಟಿದೆ ನೋಡಿ: ಸೇಫ್ಟಿ ಫ್ಲ್ಯಾಗ್. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ದಾರವನ್ನು ನಳಿಗೆಯ ಉದ್ದಕ್ಕೂ ತೂರಿಸಿರಬೇಕು. ಒಳಗೆ ಪೆಲೆಟ್ ಇಲ್ಲ ಅನ್ನೋದಕ್ಕೆ ಅದೇ ಗುರುತು. ಫೈರಿಂಗ್ ಲೈನಿನ (ಗುಂಡು ಹೊಡೆಯುವವರು ನಿಲ್ಲುವ ಗೆರೆ) ಮುಂದೆ ಯಾರಾದರೂ ಇದ್ದರೆ ರೈಫಲ್ ಮುಟ್ಟುವಂತಿಲ್ಲ.