ಕಟ್ಟಿದವರಿಗೆ ಮಾಫಿ, ಕೂತವರಿಗೆ ನೋಟಿಸು

ಅಮೆರಿಕದ ಫಿಲಡೆಲ್ಫಿಯಾದ ಮನೆ ಮಾರಾಟದ ಜಾಹೀರಾತು ಓದುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಮೂರು ಬೆಡ್‌ರೂಮು, ಎರಡೂವರೆ ಬಾತ್‌ರೂಮು, ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ಊರು ನೋಡಲು ಒಂದು ಡೆಕ್. ಅಡುಗೆಮನೆಗೆ ಯಾವ ಕಲ್ಲು ಹಾಕಿದ್ದಾರೆ ಎನ್ನುವುದಕ್ಕಿಂತ ಮೊದಲೇ ಇನ್ನೊಂದು ಸಾಲು ಬಂದಿರುತ್ತದೆ: ತೆರಿಗೆ ವಿನಾಯಿತಿ ಇನ್ನೂ ಏಳು ವರ್ಷ ಇದೆ. ಗಾಳಿ ಬೆಳಕು ಹೇಗಿದೆ ಅಂತ ಯಾರೂ ಬರೆಯುವುದಿಲ್ಲ. ಬರೆದರೂ ಯಾರು ಓದುತ್ತಾರೆ?

ಈ ವಿನಾಯಿತಿಯ ಕಥೆ ಇಷ್ಟೇ. ಹಾಳುಬಿದ್ದ ಬಡಾವಣೆಗಳಿಗೆ ಜೀವ ತುಂಬಬೇಕು, ಸುಮ್ನೆ ಕೂತರೆ ಅಲ್ಲಿ ಯಾರೂ ಇಟ್ಟಿಗೆ ಇಡುವುದಿಲ್ಲ, ಹಾಗಾಗಿ ಕಟ್ಟುವವರಿಗೆ ಆಸ್ತಿ ತೆರಿಗೆ ಬಿಟ್ಟುಬಿಡೋಣ. ಹಳೇ ಮನೆ ಸರಿಮಾಡಿಸುವವರಿಗೆ ಈ ರಿಯಾಯಿತಿ 1970ರ ದಶಕದಿಂದಲೇ ಇತ್ತು. 2000ದಲ್ಲಿ ಹೊಸ ಕಟ್ಟಡಕ್ಕೂ ಕೊಟ್ಟರು. ನೆಲಕ್ಕೆ ತೆರಿಗೆ ಕಟ್ಟಿ, ಅದರ ಮೇಲೆ ಎಬ್ಬಿಸಿದ್ದಕ್ಕೆ ಹತ್ತು ವರ್ಷ ಏನೂ ಬೇಡ. ದೊಡ್ಡ ಮನಸ್ಸು ಅಂದರೆ ಇದು. ಅದರಲ್ಲೂ ಒಂದು ವಿಷಯಕ್ಕೆ ನಾನು ತಲೆಬಾಗುತ್ತೇನೆ. ಯಾವ ಬಡಾವಣೆ ಹಾಳುಬಿದ್ದಿದೆ ಅಂತ ಈ ಯೋಜನೆ ಕೇಳಲೇ ಇಲ್ಲ. ನಾರ್ತ್ ಫಿಲಡೆಲ್ಫಿಯಾದ ಮುಳ್ಳುಪೊದೆ ಬೆಳೆದ ಖಾಲಿ ಸೈಟಿಗೂ ಅದೇ ಹತ್ತು ವರ್ಷ, ರಿಟನ್‌ಹೌಸ್ ಸ್ಕ್ವೇರ್ ಪಕ್ಕದ ಕೋಟ್ಯಧಿಪತಿಗಳ ಅಪಾರ್ಟ್‌ಮೆಂಟಿಗೂ ಅದೇ ಹತ್ತು ವರ್ಷ. ಇಷ್ಟೊಂದು ಸಮಾನತೆ ಆ ಊರಿನಲ್ಲಿ ಬೇರೆ ಯಾವುದರಲ್ಲೂ ಕಾಣಲಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ, ಜಾಸ್ತಿ ಬೇಡ. ಅಲ್ಲಿ ತೆರಿಗೆ ದರ ಸುಮಾರು 1.4 ಪರ್ಸೆಂಟ್. ಹೊಸ ಮನೆಗೆ ತೆರಿಗೆಗಾಗಿ ನಗರದವರು ಕಟ್ಟಿದ ಬೆಲೆ 5 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ, ಅದರಲ್ಲಿ ನೆಲದ ಪಾಲು 1 ಲಕ್ಷ. ಪೂರ್ತಿ ವಿನಾಯಿತಿ ಸಿಕ್ಕಿದವನು ಕಟ್ಟುವುದು ವರ್ಷಕ್ಕೆ 1,400 ಡಾಲರ್. ಪಕ್ಕದಲ್ಲಿ ಒಬ್ಬ ಹೆಂಗಸಿನ ಹಳೇ ಮನೆ, ಅದರ ಬೆಲೆ ಎರಡೂವರೆ ಲಕ್ಷ. ಸ್ವಂತ ಮನೆಯಲ್ಲೇ ವಾಸ ಇರುವವರಿಗೆ ಸಿಗುವ 1 ಲಕ್ಷದ ರಿಯಾಯಿತಿ ಕಳೆದರೂ ಆಕೆ ಕಟ್ಟುವುದು 2,100. ಮೂರಂತಸ್ತಿನವನಿಗಿಂತ ಎರಡಂತಸ್ತಿನವಳ ತೆರಿಗೆ ಜಾಸ್ತಿ. ಇಬ್ಬರ ಕಸವೂ ಒಂದೇ ಲಾರಿಗೆ ಹೋಗುತ್ತದೆ.

ಆಕೆಯ ಮನೆಯನ್ನು ಹತ್ತಿರದಿಂದ ನೋಡಬೇಕು. ಫಿಲಡೆಲ್ಫಿಯಾದಲ್ಲಿ ಹೆಚ್ಚಿನವು ಸಾಲುಮನೆಗಳು. ಕೆಂಪು ಇಟ್ಟಿಗೆ, ಬೀದಿಗೆ ತಾಗಿದ ನಾಲ್ಕು ಮೆಟ್ಟಿಲು, ಎರಡು ಮನೆಗೆ ಒಂದೇ ನಡುಗೋಡೆ. ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟಿಗಾಗಿ ಪಾಯ ತೋಡಿದರೆ ಈಚೆ ಮನೆಯ ಗೋಡೆ ಬಿರುಕು ಬಿಡುತ್ತದೆ. ಕೆಲವು ಕಡೆ ಮನೆಯೇ ಕುಸಿದಿದ್ದೂ ಉಂಟು. ಅಲ್ಲಿ ಏಳುವ ಹೊಸ ಮನೆ ಯಾವುದೆಂದು ದೂರದಿಂದಲೇ ಹೇಳಬಹುದು: ಮುಂಭಾಗಕ್ಕೆ ಬೂದುಬಣ್ಣದ ತಗಡು, ಚೌಕಾಕಾರದ ಕಿಟಕಿ, ಬೀದಿಯಲ್ಲಿ ಒಂದು ಕಾರಿನ ಜಾಗವನ್ನೇ ನುಂಗಿದ ಗ್ಯಾರೇಜ್ ಬಾಗಿಲು. ಆರು ತಿಂಗಳ ಧೂಳು ಕುಡಿದ ಮೇಲೆ ಆಕೆಗೆ ನಗರದಿಂದ ಕಾಗದ ಬರುತ್ತದೆ. ನಿಮ್ಮ ಬಡಾವಣೆ ಸುಧಾರಿಸಿದೆ, ನಿಮ್ಮ ಮನೆಯ ಬೆಲೆ ಏರಿದೆ, ಆದ್ದರಿಂದ ತೆರಿಗೆಯೂ ಏರಿದೆ. ಬಿರುಕು ಬಿಟ್ಟ ಗೋಡೆಗೂ ಸೇರಿಸಿ.

ಹಾಗಂತ ನಗರದವರು ಕಲ್ಲುಹೃದಯದವರೇನಲ್ಲ. 2014ರಲ್ಲಿ ಊರಿನ ಎಲ್ಲ ಆಸ್ತಿಗಳ ಬೆಲೆ ಹೊಸದಾಗಿ ಕಟ್ಟಿದಾಗ ಹಳಬರು ಹೌಹಾರಿದರು. ಆಗ ಅವರಿಗಾಗಿಯೇ ಒಂದು ಯೋಜನೆ ತಂದರು. ಲಾಂಗ್‌ಟೈಮ್ ಓನರ್ ಆಕ್ಯುಪೆಂಟ್ಸ್ ಪ್ರೋಗ್ರಾಮ್, ಚುಟುಕಾಗಿ ಲೂಪ್. ಹತ್ತು ವರ್ಷ ಅದೇ ಮನೆಯಲ್ಲಿದ್ದರೆ, ಆದಾಯ ಮಿತಿಯೊಳಗಿದ್ದರೆ, ಬೆಲೆ ಒಮ್ಮೆಗೇ ಧಡಕ್ಕನೆ ಏರಿದ್ದರೆ, ಅರ್ಜಿ ಹಾಕಿ. ಅಂದರೆ ಮೊದಲು ಹೊಸಬರಿಗೆ ತೆರಿಗೆ ಬಿಟ್ಟು ಬಡಾವಣೆಯ ಬೆಲೆ ಏರಿಸುವುದು, ಆಮೇಲೆ ಬೆಲೆ ಏರಿತಲ್ಲ ಅಂತ ಹಳಬರಿಗೂ ತೆರಿಗೆ ಬಿಡುವುದು. ವ್ಯತ್ಯಾಸ ಇಷ್ಟೇ. ಹೊಸಬನ ಅರ್ಜಿ ನೋಡಿಕೊಳ್ಳಲು ಬಿಲ್ಡರ್ ಇದ್ದಾನೆ, ಬಿಲ್ಡರ್‌ಗೊಬ್ಬ ವಕೀಲ ಇದ್ದಾನೆ. ಆಕೆಗೆ ಓದುವ ಕನ್ನಡಕ ಇದೆ.

ಇದರಿಂದ ಊರು ಬೆಳೆಯಲಿಲ್ಲವೇ ಅಂತ ಕೇಳುವವರಿದ್ದಾರೆ. ಬೆಳೆಯಿತು, ಯಾರು ಇಲ್ಲ ಅಂದರು? 1950ರಲ್ಲಿ 20 ಲಕ್ಷ ದಾಟಿದ್ದ ಜನಸಂಖ್ಯೆ 2000ದ ಹೊತ್ತಿಗೆ 15 ಲಕ್ಷ ಚಿಲ್ಲರೆಗೆ ಇಳಿದಿತ್ತು. 2010ರ ಜನಗಣತಿಯಲ್ಲಿ ಇಳಿಕೆ ನಿಂತು ಒಂದಿಷ್ಟು ಏರಿತು, 2020ರಲ್ಲಿ 16 ಲಕ್ಷ ಮುಟ್ಟಿತು. ಅಷ್ಟರಲ್ಲಿ ಅಮೆರಿಕದ ಎಷ್ಟೋ ಹಳೇ ಊರುಗಳಿಗೆ ಓದಿದ ಹುಡುಗರು, ಆಸ್ಪತ್ರೆ ಕೆಲಸದವರು, ವಲಸೆ ಬಂದವರು ವಾಪಸು ತುಂಬಿಕೊಳ್ಳುತ್ತಿದ್ದರು. ಬಿಲ್ಡರ್‌ಗಳು ಮಾತ್ರ ಎಲ್ಲಾ ನಮ್ಮ ವಿನಾಯಿತಿಯ ಮಹಿಮೆ ಅನ್ನುತ್ತಾರೆ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದ ಅಜ್ಜಿಯಾದರೂ ವಾಸಿ, ಆಕೆ ಊರಿನವರಿಂದ ಕೋಳಿಗೆ ಕಾಳು ಹಾಕಿಸಿಕೊಳ್ಳಲಿಲ್ಲ.

ಇನ್ನೊಂದು ತಮಾಷೆ ಇದೆ. ಈ ರಿಯಾಯಿತಿ ಮನೆ ಕೊಂಡವನಿಗಾದರೂ ಪೂರ್ತಿ ದಕ್ಕುತ್ತದೆಯೇ? ಹತ್ತು ವರ್ಷ ತೆರಿಗೆ ಉಳಿಯುತ್ತದೆ ಅಂತ ಮಾರುವವನಿಗೂ ಗೊತ್ತು. ಅವನು ಅದನ್ನು ಮನೆಯ ಬೆಲೆಗೆ ಸೇರಿಸುತ್ತಾನೆ. ಬಿಲ್ಡರ್‌ಗೆ ಇಷ್ಟು ಸಿಗುತ್ತದೆ ಅಂತ ಸೈಟಿನ ಮಾಲೀಕನಿಗೂ ಗೊತ್ತು. ಅವನು ಸೈಟಿನ ಬೆಲೆ ಏರಿಸುತ್ತಾನೆ. ಕೊನೆಗೆ ಬಡಾವಣೆಯ ಉದ್ಧಾರಕ್ಕೆಂದು ಬಿಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ವರ್ಷಗಟ್ಟಲೆ ಸೈಟನ್ನು ಹಾಳು ಕೆಡವಿದ್ದವನ ಜೇಬಿಗೇ ಹೋಗುತ್ತದೆ. ಸೈಟು ಹಾಳು ಕೆಡವಿದ್ದಕ್ಕೆ ಇದಕ್ಕಿಂತ ಒಳ್ಳೆ ಬಹುಮಾನ ಬೇಕೇ?

ಫಿಲಡೆಲ್ಫಿಯಾದವರೇ ಪೆದ್ದರು ಅಂದುಕೊಳ್ಳಬೇಡಿ. ನ್ಯೂಯಾರ್ಕಿನವರು 1971ರಲ್ಲೇ 421-ಎ ಅಂತ ಇಂಥದ್ದೇ ಒಂದು ತೆರಿಗೆ ರಿಯಾಯಿತಿ ತಂದಿದ್ದರು. ಆಗ ಜನ ಊರು ಬಿಟ್ಟು ಹೋಗುತ್ತಿದ್ದರು, ಕಟ್ಟುವವರೇ ಇರಲಿಲ್ಲ. ಆಮೇಲೆ ಊರು ಚೇತರಿಸಿಕೊಂಡಿತು, ರಿಯಾಯಿತಿ ಮಾತ್ರ ಹಾಸಿಗೆ ಬಿಟ್ಟು ಏಳಲಿಲ್ಲ. ಮ್ಯಾನ್‌ಹ್ಯಾಟನ್ನಿನ ಒನ್ ಫಿಫ್ಟಿಸೆವೆನ್ ಎಂಬ ಗೋಪುರದ ತುದಿಯ ಮನೆ 10 ಕೋಟಿ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಪಾಪ, ಆ ಬಡಪಾಯಿಗೂ ಈ ವಿನಾಯಿತಿ ಇತ್ತು. ಶುರುವಿನ ವರ್ಷದ ತೆರಿಗೆ 17 ಸಾವಿರ ಡಾಲರಿನ ಆಸುಪಾಸು. ಇಡೀ ಕಟ್ಟಡಕ್ಕೆ ನಗರ ಬಿಟ್ಟುಕೊಟ್ಟದ್ದು ಆರೂವರೆ ಕೋಟಿ ಡಾಲರ್. ಬದಲಿಗೆ ಅದೇ ಊರಿನ ಬ್ರಾಂಕ್ಸ್‌ನಲ್ಲಿ ಕಡಿಮೆ ಬಾಡಿಗೆಯ 66 ಮನೆ ಬಂದವು. ಅದೇ ದುಡ್ಡನ್ನು ನೇರವಾಗಿ ಕೊಟ್ಟಿದ್ದರೆ 370ರ ಹತ್ತಿರ ಮನೆ ಆಗುತ್ತಿತ್ತು ಅಂತ ನಗರದ್ದೇ ಇಂಡಿಪೆಂಡೆಂಟ್ ಬಜೆಟ್ ಆಫೀಸಿನವರು 2015ರಲ್ಲಿ ಲೆಕ್ಕ ಕೊಟ್ಟರು. ಲೆಕ್ಕ ಕೊಟ್ಟವರಿಗೆ ಧನ್ಯವಾದ ಹೇಳಿ ಎಲ್ಲರೂ ಊಟಕ್ಕೆ ಹೋದರು. 421-ಎ 2016ರಲ್ಲಿ ಸತ್ತು, 2017ರಲ್ಲಿ ಅಫೋರ್ಡಬಲ್ ನ್ಯೂಯಾರ್ಕ್ ಎಂಬ ಹೆಸರಲ್ಲಿ ಎದ್ದು, 2022ರಲ್ಲಿ ಮತ್ತೆ ಸತ್ತು, 2024ರಲ್ಲಿ 485-ಎಕ್ಸ್ ಆಗಿ ಹುಟ್ಟಿತು.

ಹಳೇ ಕಾಮಡೋರ್ ಹೋಟೆಲನ್ನು ಬಿಟ್ಟರೆ ಪಾಪ ಬಂದೀತು. 1976ರಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿನಲ್ಲಿದ್ದಾಗ, ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಈ ಹೋಟೆಲಿಗೆ ಜೀವ ತುಂಬುತ್ತೇನೆ ಅಂತ ಮೂವತ್ತರ ಆಸುಪಾಸಿನ ಒಬ್ಬ ಬಂದ. ಹೆಸರು ಡೊನಾಲ್ಡ್ ಟ್ರಂಪ್. ನಲವತ್ತು ವರ್ಷದ ತೆರಿಗೆ ರಿಯಾಯಿತಿ ಗಿಟ್ಟಿಸಿದ. 2016ರ ಹೊತ್ತಿಗೆ ನಗರ ಕಳೆದುಕೊಂಡದ್ದು 36 ಕೋಟಿ ಡಾಲರ್ ಸುಮಾರು. ಆ ವರ್ಷ ಅವರು ಬೇರೆ ಕಟ್ಟಡಕ್ಕೆ ಅರ್ಜಿ ಹಾಕಿದ್ದರು, ಅದೂ ಸಿಕ್ಕಿತು.

ಇಲ್ಲಿಯವರೆಗೆ ನಗುತ್ತಾ ಬರೆದೆ. ಮುಂದಿನದಕ್ಕೆ ನಗು ಬರುತ್ತಿಲ್ಲ. ಫಿಲಡೆಲ್ಫಿಯಾದಲ್ಲಿ ಆಸ್ತಿ ತೆರಿಗೆಯ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 55ರ ಆಸುಪಾಸು, ಹೋಗುವುದು ಸರ್ಕಾರಿ ಶಾಲೆಗಳಿಗೆ. ಅಂದರೆ ಬಿಟ್ಟ ಪ್ರತಿ ಡಾಲರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಟ್ಟವರು ಮಕ್ಕಳು. ಅವರನ್ನು ಯಾರೂ ಕೇಳಲಿಲ್ಲ. 2013ರಲ್ಲಿ ಆ ಊರು ಇಪ್ಪತ್ತಕ್ಕೂ ಹೆಚ್ಚು ಶಾಲೆ ಮುಚ್ಚಿತು. ದುಡ್ಡಿಲ್ಲ ಅಂದರು. 2019ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲಿನಲ್ಲಿ ಹಳೇ ಕಲ್ನಾರು ಕಿತ್ತು ಬಂದು, ಒಂದೇ ಕಟ್ಟಡದ ಎರಡು ಶಾಲೆಗಳ ಸುಮಾರು ಸಾವಿರ ಮಕ್ಕಳನ್ನು ಬೇರೆ ಕಡೆ ಸಾಗಿಸಬೇಕಾಯಿತು. ಶಾಲೆಗಳ ಈ ಗತಿಗೆ ವಿನಾಯಿತಿಯೊಂದೇ ಕಾರಣ ಅಲ್ಲ, ರಾಜ್ಯದವರ ಕಡಿತ ಇದೆ, ಹಳೇ ಸಾಲ ಇದೆ, ಒಪ್ಪುತ್ತೇನೆ. ಆದರೆ ಶಾಲೆಗೆ ದುಡ್ಡಿಲ್ಲ ಅನ್ನುವ ಬಾಯಲ್ಲೇ ಮಹಡಿಯ ಡೆಕ್ಕಿಗೆ ತೆರಿಗೆ ಬೇಡ ಅನ್ನಲು ನಾಚಿಕೆ ಆಗಬೇಕು. ಇಷ್ಟೇ ನನ್ನ ತಕರಾರು, ಇದನ್ನು ಹಾಸ್ಯವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ.

ಕೊನೆಗೂ ಫಿಲಡೆಲ್ಫಿಯಾದ ನಗರ ಕೌನ್ಸಿಲಿಗೆ ಬುದ್ಧಿ ಬಂತು ಅನ್ನಬೇಕು. ಹೊಸ ಮನೆಗಳಿಗೆ ಮೊದಲ ವರ್ಷ ಪೂರ್ತಿ ವಿನಾಯಿತಿ, ಆಮೇಲೆ ವರ್ಷಕ್ಕೆ ಹತ್ತು ಹತ್ತು ಪರ್ಸೆಂಟ್ ಇಳಿಕೆ ಅಂತ ತೀರ್ಮಾನಿಸಿದರು. ಜಾರಿಗೆ ಬರುವ ದಿನವನ್ನು ಒಂದು ವರ್ಷ ಮುಂದೆ ಹಾಕಿ 2022ರ ಜನವರಿ ಅಂದರು. ಅಲ್ಲಿಯವರೆಗೆ ಬಿಲ್ಡರ್‌ಗಳು ಸುಮ್ನೆ ಕೂರುತ್ತಾರೆಯೇ? 2021ರ ಕೊನೆಯಲ್ಲಿ ಪರ್ಮಿಟ್ಟಿಗೆ ಮುಗಿಬಿದ್ದರು. ವಿನಾಯಿತಿ ತಗ್ಗಿಸುವ ಕಾನೂನು ತಗ್ಗದ ವಿನಾಯಿತಿಯ ಸಾವಿರಾರು ಮನೆಗಳನ್ನು ಕಟ್ಟಿಸಿತು.

ಅಷ್ಟರಲ್ಲಿ ಕೋವಿಡ್ ಬಂದು ಪೇಟೆ ನಡುವಿನ ಆಫೀಸುಗಳು ಖಾಲಿಯಾದವು. 2024ರ ಕೊನೆಗೆ ಕೌನ್ಸಿಲ್ ಇನ್ನೊಂದಕ್ಕೆ ಒಪ್ಪಿಗೆ ಕೊಟ್ಟಿತು: ಖಾಲಿ ಆಫೀಸನ್ನು ಮನೆಗಳನ್ನಾಗಿ ಮಾಡಿದರೆ ರಿಯಾಯಿತಿ ಹತ್ತಲ್ಲ, 20 ವರ್ಷ. ಈಗ ಒಂದನೇ ಕ್ಲಾಸಿಗೆ ಸೇರಿದ ಮಗು ಆ ಹೊತ್ತಿಗೆ ಹೈಸ್ಕೂಲು ದಾಟಿ, ಕಾಲೇಜು ಮುಗಿಸಿ, ಕೆಲಸ ಹಿಡಿದು ತಾನೇ ತೆರಿಗೆ ಕಟ್ಟಲು ಶುರು ಮಾಡಿರುತ್ತದೆ. ಪೂರ್ತಿ ತೆರಿಗೆ ಕಟ್ಟುವ ಕಟ್ಟಡದ ಸರದಿ ಆಗಷ್ಟೇ ಬರುತ್ತಿರುತ್ತದೆ.