ಜೋಳದ ತೆನೆಗೆ ಅಷ್ಟೊಂದು ನೀರು ಯಾಕ್ರೀ?

ಈಗಷ್ಟೇ ಒಬ್ಬರ ಮನೆಯಿಂದ ಬಂದೆ. ಹೊಟ್ಟೆ ತುಂಬಿದೆ, ತಲೆ ಕೆಟ್ಟಿದೆ.

ಎಳೇ ಸ್ವೀಟ್ ಕಾರ್ನ್. ಉಗುರು ತಾಗಿಸಿದರೆ ಹಾಲು ಚಿಮ್ಮುವಷ್ಟು ತಾಜಾ. ಅಂಥ ತೆನೆಗಳನ್ನು ಬೋಳಿಸಿ, ಪಾತ್ರೆ ತುಂಬ ನೀರಲ್ಲಿ ಮುಳುಗಿಸಿ, ಮುಕ್ಕಾಲು ಗಂಟೆ ಕುದಿಸಿದರು. ಆಮೇಲೆ ಆ ನೀರನ್ನು ಸಿಂಕಿಗೆ ಸುರಿದರು. ನಾನು ಪಕ್ಕದಲ್ಲೇ ನಿಂತು ತುಟಿ ಪಿಟಕ್ ಎನ್ನಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಇದು ಸಣ್ಣ ಸಾಧನೆಯಲ್ಲ.

ಆ ನೀರನ್ನು ಒಂದು ಚಮಚ ಕುಡಿದು ನೋಡಿ. ಸಿಹಿ ಇರುತ್ತದೆ. ಎಲ್ಲಿಂದ ಬಂತು? ತೆನೆಯಿಂದಲೇ ಅಲ್ವಾ? ಕಿತ್ತ ಗಳಿಗೆಯಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ, ಸೆಕೆಯಲ್ಲಿಟ್ಟರೆ ಇನ್ನೂ ಬೇಗ. ಅಡುಗೆಮನೆ ತಲುಪುವಷ್ಟರಲ್ಲಿ ಉಳಿದಿದ್ದೇ ಭಾಗ್ಯ. ಅದನ್ನೂ ಬಸಿದು ಚೆಲ್ಲಬೇಕಾ?

ಮುಳುಗಿಸಿ ಕುದಿಸುವ ಬದಲು ಹಬೆಯಲ್ಲಿ ಬೇಯಿಸಿ. ಅದಕ್ಕೆ ಬೇಕಾಗಿರುವುದು ತಳದಲ್ಲಿ ಎರಡು ಬೆರಳು ನೀರು. ಮೇಲೊಂದು ತೂತಿನ ತಟ್ಟೆ. ನೀರು ತಟ್ಟೆಗೆ ತಾಗಬಾರದು. ನೀರು ಕುದ್ದು ಹಬೆ ಎದ್ದ ಮೇಲೆ ತೆನೆ ಇಟ್ಟು ಬಿಗಿಯಾಗಿ ಮುಚ್ಚಿ. ಎಳೇದಕ್ಕೆ 8ರಿಂದ 10 ನಿಮಿಷ ಸಾಕು. ನಾನಂತೂ ಒಳಗಿನ ಎರಡು ಮೂರು ಪದರ ಸಿಪ್ಪೆ ಉಳಿಸಿಕೊಂಡು, ಇನ್ನೊಂದೈದು ನಿಮಿಷ ಜಾಸ್ತಿ ಬೇಯಿಸುತ್ತೇನೆ. ಬೆಂದ ಮೇಲೆ ಸಿಪ್ಪೆ ಎಳೆದರೆ ಕೂದಲೂ ಅದರ ಜೊತೆಗೇ ಬರುತ್ತದೆ. ಮಂಕಾಗಿದ್ದ ಕಾಳು ಗಾಢ ಹಳದಿಗೆ ತಿರುಗಿ, ಉಬ್ಬಿ, ಮಿರಮಿರ ಮಿಂಚುತ್ತಿರುತ್ತದೆ. ಹಲ್ಲು ಊರಿದರೆ ಟಪ್ ಅಂತ ಒಡೆಯಬೇಕು. ಇವತ್ತು ನಾನು ತಿಂದ ತೆನೆಯ ಕಾಳುಗಳು ನೀರಲ್ಲಿ ನೆನೆದ ಬೆರಳ ತುದಿಯ ಹಾಗೆ ಸುಕ್ಕುಗಟ್ಟಿದ್ದವು.

ಕೂದಲು ಅಂದೆ. ಅದರ ಒಂದೊಂದು ಎಳೆಯೂ ಒಂದೊಂದು ಕಾಳಿನದು, ಗೊತ್ತಾ? ಪರಾಗ ಆ ಎಳೆ ಹಿಡಿದು ಒಳಗಿಳಿದರೇನೇ ಆ ಕಾಳು ಕಟ್ಟುವುದು. ತೆನೆಯಲ್ಲಿ ಅಲ್ಲಲ್ಲಿ ಹಲ್ಲು ಉದುರಿದಂತೆ ಕಂಡರೆ, ಆ ಎಳೆಗೆ ಪರಾಗ ಸಿಕ್ಕಿಲ್ಲದಿರಬಹುದು. ಗಿಡ ಇಷ್ಟೆಲ್ಲ ಒದ್ದಾಡಿ ಕಾಳು ಕಾಳಿಗೆ ಸಿಹಿ ತುಂಬುತ್ತದೆ. ನಾವು ಸಿಂಕಿಗೆ ಸುರಿಯುತ್ತೇವೆ!

‘ಕುಕ್ಕರ್ ಎರಡು ಸಲ ಕೂಗಿದರೆ ಆಯ್ತಪ್ಪ’ ಎನ್ನುವವರು ಈಗ ಬರುತ್ತಾರೆ. ಬನ್ನಿ. ಬಲಿತು ಗಟ್ಟಿಯಾದ ಜೋಳಕ್ಕೆ ಕುಕ್ಕರೇ ಸರಿ, ಒಪ್ಪಿದೆ. ಒತ್ತಡದಲ್ಲಿ ಶಾಖ 100 ಡಿಗ್ರಿ ದಾಟಿ 120ರ ಹತ್ತಿರ ಹೋಗುತ್ತದೆ, ಗಟ್ಟಿ ಕಾಳೂ ಮೆತ್ತಗಾಗುತ್ತದೆ. ಎಳೇದಕ್ಕೂ ಅದೇ ಶಿಕ್ಷೆ ಯಾಕೆ? ಉಳಿಯುವ ಐದು ನಿಮಿಷದಲ್ಲಿ ಯಾವ ರಾಜ್ಯ ಗೆಲ್ಲಬೇಕಿದೆ?

ನಿಜ ಹೇಳಲಾ? ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಓಡುವುದು ಒಲೆಯ ಕಡೆಗೆ. ಕೆಟ್ಟ ಚಾಳಿ. ಬಿಡುವ ಯೋಚನೆಯೂ ಇಲ್ಲ.

ಇನ್ನು ಹಬೆಯ ನೀರಿಗೆ ಉಪ್ಪು ಹಾಕುವ ಮಹಾನುಭಾವರಿದ್ದಾರೆ. ಉಪ್ಪು ಹಬೆ ಹತ್ತಿ ಮೇಲೆ ಬರಲ್ಲ ಸ್ವಾಮಿ, ತಳದಲ್ಲೇ ಕೂತಿರುತ್ತದೆ. ತೆನೆ ಬೆಂದ ಮೇಲೆ, ಬಿಸಿ ಇರುವಾಗಲೇ ಬೆಣ್ಣೆ ಸವರಿ ಉಪ್ಪು ಉದುರಿಸಿ, ಅಂಟಿಕೊಳ್ಳುತ್ತದೆ. ಕುದಿಸಿಯೇ ತೀರುತ್ತೇನೆ ಎನ್ನುವವರು ಐದಾರು ನಿಮಿಷಕ್ಕೆ ನಿಲ್ಲಿಸಿ, ಆ ನೀರನ್ನಾದರೂ ಸೂಪಿಗೆ ಹಾಕಿ. ಅದೂ ಆಗಲ್ಲ ಅಂದರೆ ದಯವಿಟ್ಟು ನನ್ನನ್ನು ಕರೆಯಬೇಡಿ.